ಅರ್ಧ ಮಿಲಿಮೀಟರ್ ಕಣಜ, 20 ಮೈಕ್ರೋಲೀಟರ್ ಡಿಎನ್‌ಎ: ಕಯಾಂಪ್ ಮೈಕ್ರೋ ಕಿಟ್ ಬಗ್ಗೆ

ಕಯಾಂಪ್ ಮೈಕ್ರೋ ಅಂದರೆ ತೀರಾ ಚಿಕ್ಕ ಮಾದರಿಯಿಂದ ಡಿಎನ್‌ಎ ತೆಗೆಯುವ ಕಿಟ್. ಬರೀ ಬಾರ್‌ಕೋಡ್ (ಜಾತಿ ಗುರುತಿಸಲು ಓದುವ ಡಿಎನ್‌ಎಯ ಒಂದು ಚಿಕ್ಕ ತುಂಡು) ಮಾಡಿಸಬೇಕು ಅಂತಿದ್ದರೆ ಇದನ್ನು ತಗೊಳ್ಳಬೇಡಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಗುತ್ತದೆ. ಕೈಯಲ್ಲಿರುವುದು ಒಂದೇ ಒಂದು ಹುಳ, ಅದರ ಪೂರ್ತಿ ಜಿನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಿಸಬೇಕು, ಅದೇ ಹುಳವನ್ನು ಸ್ಲೈಡ್ ಮಾಡಿ ಸಂಗ್ರಹಾಲಯಕ್ಕೂ ಕೊಡಬೇಕು ಅನ್ನುವವರು ಮಾತ್ರ ಮುಂದೆ ಓದಿ. ನಿಮಗೆ ಇದು ಉಪಯೋಗಕ್ಕೆ ಬರುತ್ತದೆ.

ನಾನು ಕೆಲಸ ಮಾಡುವುದು ಬೇರೆ ಕೀಟಗಳ ಮೊಟ್ಟೆಯೊಳಗೆ ಬೆಳೆಯುವ ಪರಾವಲಂಬಿ ಕಣಜಗಳ ಮೇಲೆ. ಟ್ರೈಕೋಗ್ರಾಮಾ ಮತ್ತು ಅದರ ನೆಂಟರು. ಉದ್ದ ಅರ್ಧ ಮಿಲಿಮೀಟರ್ ಆಸುಪಾಸು. ಆಗಾಗ ಥ್ರಿಪ್ಸ್ ನುಸಿ, ಬಿಳಿನೊಣ ಕೂಡ ಮೇಜಿಗೆ ಬರುತ್ತವೆ. ಅವು ಈ ಕಣಜಗಳ ಮುಂದೆ ಆನೆಗಳೇ. ಕಯಾಜೆನ್ ಕಂಪನಿಯ ಕಯಾಂಪ್ ಡಿಎನ್‌ಎ ಮೈಕ್ರೋ ಕಿಟ್ ನಮ್ಮ ಪ್ರಯೋಗಾಲಯಕ್ಕೆ ಬಂದು ಬಹಳ ದಿನವಾಯಿತು. ಈಗ ಅದರ ಗುಣ, ಮಿತಿ ಎರಡೂ ಕೈಗೆ ಅಭ್ಯಾಸವಾಗಿವೆ.

ಮೊದಲು ಒಂದು ಲೆಕ್ಕ ಹಾಕೋಣ. ಈ ಲೆಕ್ಕ ಇಲ್ಲದೆ ಯಾವ ಕಿಟ್ ಬಗ್ಗೆ ಮಾತಾಡಿದರೂ ಸುಮ್ನೆ. 1 ಪಿಕೋಗ್ರಾಂ ಡಿಎನ್‌ಎ ಅಂದರೆ ಸುಮಾರು 97.8 ಕೋಟಿ ಬೇಸ್ ಜೋಡಿ (ಡಿಎನ್‌ಎ ಬರಹದ ಅಕ್ಷರಗಳು). ಟ್ರೈಕೋಗ್ರಾಮಾ ಪ್ರೆಟಿಯೋಸಮ್‌ನ ಜಿನೋಮ್ ಸುಮಾರು 19.5 ಕೋಟಿ ಬೇಸ್ ಜೋಡಿ, ಅಂದರೆ 0.2 ಪಿಕೋಗ್ರಾಂ. ಹೆಣ್ಣಿನ ಒಂದು ಕೋಶದಲ್ಲಿ ಇದರ ಎರಡು ಪ್ರತಿ, 0.4 ಪಿಕೋಗ್ರಾಂ. ಕಣಜಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಹಾಗಾಗಿ ಗಂಡಿನ ಕೋಶದಲ್ಲಿ ಒಂದೇ ಪ್ರತಿ. ಹತ್ತು ಸಾವಿರ ಕೋಶ ಇವೆ ಎಂದುಕೊಳ್ಳಿ. ಹೆಣ್ಣಾದರೆ 4 ನ್ಯಾನೋಗ್ರಾಂ, ಗಂಡಾದರೆ 2. ಅಷ್ಟೇ ಆಸ್ತಿ. ಇದರಲ್ಲಿ ಒಂದೊಂದು ಟ್ಯೂಬ್ ಬದಲಿಸಿದಾಗಲೂ ಒಂದಿಷ್ಟು ಗೋಡೆಗೆ ಅಂಟಿಕೊಂಡು ಹೋಗುತ್ತದೆ.

ಇನ್ನೂ ಚಿಕ್ಕವಕ್ಕೆ ಹೋದರೆ ಲೆಕ್ಕವೇ ತಲೆಕೆಳಗು. ಮೆಗಾಫ್ರಾಗ್ಮಾ ಅಂತ ಒಂದು ಕುಲ ಇದೆ, 0.2 ಮಿಲಿಮೀಟರ್ ಉದ್ದದ ಕಣಜಗಳು. ಕೀಟವಿಜ್ಞಾನಿ ಅಲೆಕ್ಸಿ ಪೊಲಿಲೋವ್ 2012ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ ಮೆಗಾಫ್ರಾಗ್ಮಾ ಮೈಮರಿಪೆನ್ನೆಯ ನರಮಂಡಲದಲ್ಲಿ ಸುಮಾರು 7,400 ನರಕೋಶಗಳಿವೆ. ಹುಳ ದೊಡ್ಡದಾಗುವ ಹೊತ್ತಿಗೆ ಅವುಗಳಲ್ಲಿ ಶೇಕಡಾ 95ಕ್ಕೂ ಹೆಚ್ಚಿನವು ತಮ್ಮ ನ್ಯೂಕ್ಲಿಯಸ್ಸನ್ನೇ ಕಳೆದುಕೊಂಡಿರುತ್ತವೆ. ನ್ಯೂಕ್ಲಿಯಸ್ ಇಲ್ಲ ಅಂದರೆ ಅಲ್ಲಿಂದ ಜಿನೋಮ್ ಡಿಎನ್‌ಎ ಕೂಡ ಇಲ್ಲ. ಅಂಥ ಹುಳದ ಪ್ಯೂಪಾ ಸಿಕ್ಕರೆ ಪ್ಯೂಪಾವನ್ನೇ ಬಳಸಿ ಅನ್ನುವುದು ನನ್ನ ಸಲಹೆ. ಕಿಟ್ ಎಷ್ಟೇ ಒಳ್ಳೆಯದಿರಲಿ, ಇಲ್ಲದ್ದನ್ನು ತೆಗೆದುಕೊಡಲ್ಲ ಅಲ್ವಾ?

ಈಗ ಕಿಟ್‌ಗೆ ಬರೋಣ. ಕೀಟ ಪ್ರಯೋಗಾಲಯಗಳಲ್ಲಿ ಜಾಸ್ತಿ ಕಾಣುವುದು ಇದೇ ಕಂಪನಿಯ ಡಿಎನ್‌ಈಸಿ ಬ್ಲಡ್ ಅಂಡ್ ಟಿಶ್ಯೂ. ಎರಡರ ಮೂಲ ಒಂದೇ. ಪ್ರೋಟೀನ್ ಒಡೆಯುವ ಕಿಣ್ವ ಪ್ರೋಟೀನೇಸ್ ಕೆ ಹಾಕಿ 56 ಡಿಗ್ರಿಯಲ್ಲಿ ಅಂಗಾಂಶ ಕರಗಿಸುವುದು, ಗ್ವಾನಿಡೀನ್ ಉಪ್ಪು ಮತ್ತು ಎಥನಾಲ್ ಜೊತೆ ಸಿಲಿಕಾ ಪೊರೆಗೆ ಡಿಎನ್‌ಎ ಅಂಟಿಸುವುದು, ಎರಡು ಸಲ ತೊಳೆಯುವುದು, ಕೊನೆಗೆ ಅಂಟಿದ ಡಿಎನ್‌ಎಯನ್ನು ಸ್ವಲ್ಪ ದ್ರವದಲ್ಲಿ ಬಿಡಿಸಿ ಇಳಿಸುವುದು. ವ್ಯತ್ಯಾಸ ಇರುವುದು ಆ ಪೊರೆ ಕೂತಿರುವ ಪುಟ್ಟ ಕೊಳವೆಯಲ್ಲಿ, ಅಂದರೆ ಕಾಲಮ್‌ನಲ್ಲಿ. ಡಿಎನ್‌ಈಸಿಯಲ್ಲಿ ಸಾಮಾನ್ಯವಾಗಿ 100ರಿಂದ 200 ಮೈಕ್ರೋಲೀಟರ್‌ನಲ್ಲಿ ಇಳಿಸುತ್ತೇವೆ. ಮೈಕ್ರೋ ಕಿಟ್‌ನ ಮಿನ್‌ಎಲ್ಯೂಟ್ ಕಾಲಮ್‌ನಲ್ಲಿ 20 ಮೈಕ್ರೋಲೀಟರ್ ಸಾಕು. 2 ನ್ಯಾನೋಗ್ರಾಂ ಡಿಎನ್‌ಎ 200 ಮೈಕ್ರೋಲೀಟರ್ ನೀರಿನಲ್ಲಿ ಕೂತಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? 20ರಲ್ಲಿ ಕೂತಿದ್ದರೆ ಮುಂದಿನ ದಾರಿ ಇದೆ. ನಾನು ಈ ಕಿಟ್ ಕಡೆ ವಾಲಿದ್ದಕ್ಕೆ ಮುಖ್ಯ ಕಾರಣ ಇದೇ.

ಎರಡನೇ ಕಾರಣ ಪೆಟ್ಟಿಗೆಯೊಳಗೆ ಒಂದು ಪುಟ್ಟ ಟ್ಯೂಬ್‌ನಲ್ಲಿ ಬರುವ ಕ್ಯಾರಿಯರ್ ಆರ್‌ಎನ್‌ಎ. ಡಿಎನ್‌ಎ ತೀರಾ ಕಡಿಮೆ ಇದ್ದಾಗ ಸಿಲಿಕಾಗೆ ಸರಿಯಾಗಿ ಅಂಟುವುದಿಲ್ಲ, ಅಂಟಿದ್ದು ಸರಿಯಾಗಿ ಬಿಡುವುದಿಲ್ಲ. ಈ ಆರ್‌ಎನ್‌ಎ ಜೊತೆಗಿದ್ದರೆ ಪೊರೆಯ ಜಾಗಗಳನ್ನು ಅದು ತುಂಬುತ್ತದೆ, ನಮ್ಮ ಚೂರುಪಾರು ಡಿಎನ್‌ಎ ನಡುವೆ ಪಾರಾಗಿ ಬರುತ್ತದೆ. ಒಂದು ಮಾದರಿಗೆ 1 ಮೈಕ್ರೋಗ್ರಾಂ ಹಾಕಬೇಕು. ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು. ಕಣಜಕ್ಕೆ ನಾನು ತಪ್ಪದೆ ಹಾಕುತ್ತೇನೆ, ಬಿಳಿನೊಣಕ್ಕೆ ಹಾಕಲ್ಲ.

ಇದರ ಜೊತೆ ಒಂದು ಎಚ್ಚರಿಕೆ. ಕ್ಯಾರಿಯರ್ ಹಾಕಿದ ಮಾದರಿಯನ್ನು ಅಳತೆಯ ಯಂತ್ರ ನ್ಯಾನೋಡ್ರಾಪ್ ಮೇಲೆ ಇಡಬೇಡಿ. ಅದು ಡಿಎನ್‌ಎ, ಆರ್‌ಎನ್‌ಎ ಅಂತ ಭೇದ ಮಾಡುವುದಿಲ್ಲ, 260 ನ್ಯಾನೋಮೀಟರ್ ಬೆಳಕನ್ನು ಯಾರು ಹೀರಿದರೂ ಎಣಿಸುತ್ತದೆ. 1 ಮೈಕ್ರೋಗ್ರಾಂ ಆರ್‌ಎನ್‌ಎ ಪೂರ್ತಿ 20 ಮೈಕ್ರೋಲೀಟರ್‌ಗೆ ಇಳಿದರೆ ಮೈಕ್ರೋಲೀಟರ್‌ಗೆ 50 ನ್ಯಾನೋಗ್ರಾಂ. ಹೊಸಬರು ಆ ಅಂಕಿ ನೋಡಿ ಹಿಗ್ಗಿಬಿಡುತ್ತಾರೆ. ಅರ್ಧ ಮಿಲಿಮೀಟರ್ ಹುಳದಿಂದ ಅಷ್ಟು ಬಂದಿದೆ ಅಂದರೆ ಬಂದಿರುವುದು ಹುಳದ್ದಲ್ಲ, ಡಬ್ಬಿಯದ್ದು. ಅಳೆಯುವುದಿದ್ದರೆ ಕ್ಯೂಬಿಟ್ ಯಂತ್ರದಲ್ಲಿ ಎರಡೆಳೆ ಡಿಎನ್‌ಎಯ ಹೈ ಸೆನ್ಸಿಟಿವಿಟಿ ರಾಸಾಯನಿಕ ಬಳಸಿ. ಅದಕ್ಕೂ ಮಿತಿ ಇದೆ: ಟ್ಯೂಬ್‌ನಲ್ಲಿ ಕನಿಷ್ಠ 0.1 ನ್ಯಾನೋಗ್ರಾಂ ಆದರೂ ಇರಬೇಕು. ನಮ್ಮ ಮಾದರಿಗಳಲ್ಲಿ ಒಂದು ಮೈಕ್ರೋಲೀಟರ್ ಹಾಕಿದರೆ ಆ ಗೆರೆಯ ಮೇಲೆಯೇ ಓಲಾಡುತ್ತಿರುತ್ತದೆ. ಎರಡು ಹಾಕಿದರೆ ಅಂಕಿ ಬರುತ್ತದೆ, ಆದರೆ ಇದ್ದ ಆಸ್ತಿಯಲ್ಲಿ ಹತ್ತನೇ ಒಂದು ಪಾಲು ಅಳತೆಗೇ ಹೋಯಿತು. ಒಂದೇ ಹುಳ ಇದ್ದಾಗ ನಾನು ಎಷ್ಟೋ ಸಲ ಅಳೆಯುವುದೇ ಇಲ್ಲ. ನೇರ ಲೈಬ್ರರಿಗೆ, ಅಂದರೆ ಸೀಕ್ವೆನ್ಸಿಂಗ್ ಯಂತ್ರ ಓದುವಂತೆ ಡಿಎನ್‌ಎ ತುಣುಕುಗಳನ್ನು ಸಿದ್ಧಪಡಿಸುವ ಹಂತಕ್ಕೆ, ಹೋಗುತ್ತೇನೆ.

ಕಿಟ್‌ನ ಕೈಪಿಡಿ ಬರೆದಿರುವುದು ರಕ್ತದ ಕಲೆ, ಸಣ್ಣ ಅಂಗಾಂಶದ ತುಂಡು, ಲೇಸರ್‌ನಲ್ಲಿ ಕತ್ತರಿಸಿದ ಕೋಶಗಳು ಇಂಥವಕ್ಕಾಗಿ. ಕೀಟ ನಮ್ಮ ಸ್ವಂತ ಹೊಂದಾಣಿಕೆ. ಅಂಗಾಂಶದ ವಿಧಾನ ಹಿಡಿದರೆ 180 ಮೈಕ್ರೋಲೀಟರ್ ಎಟಿಎಲ್ ಬಫರ್‌ನಲ್ಲಿ (ಅಂಗಾಂಶ ಕರಗಿಸುವ ದ್ರವ) ಹುಳ ಹಾಕಬೇಕು. ಕಣಜಕ್ಕೆ ಅದು ಸಮುದ್ರ. ಲೇಸರ್ ಮಾದರಿಗಳ ವಿಧಾನ ನೋಡಿ: ಅಲ್ಲಿ 15 ಮೈಕ್ರೋಲೀಟರ್ ಎಟಿಎಲ್, 10 ಮೈಕ್ರೋಲೀಟರ್ ಪ್ರೋಟೀನೇಸ್ ಕೆ, ಅಷ್ಟೇ. ಮುಂದಿನ ಬಫರ್‌ಗಳ ಅಳತೆಯೂ ಅದಕ್ಕೆ ತಕ್ಕಂತೆ ಸಣ್ಣದು. ನಮ್ಮ ಹುಳಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಕೈಪಿಡಿಯ ಆ ಭಾಗವನ್ನು ಕೀಟದವರು ಓದದೆ ದಾಟಿಬಿಡುತ್ತಾರೆ ಅನ್ನುವುದೇ ಬೇಜಾರು.

ಆದರೆ 25 ಮೈಕ್ರೋಲೀಟರ್ ದ್ರವವನ್ನು ದೊಡ್ಡ ಟ್ಯೂಬ್‌ನಲ್ಲಿ ರಾತ್ರಿಯಿಡೀ 56 ಡಿಗ್ರಿಯಲ್ಲಿ ಇಟ್ಟರೆ ಬೆಳಿಗ್ಗೆ ದ್ರವವೆಲ್ಲ ಮುಚ್ಚಳದಲ್ಲಿ, ಹುಳ ತಳದಲ್ಲಿ ಒಣಗಿ ಕೂತಿರುತ್ತದೆ. ಅದಕ್ಕೇ 0.2 ಮಿಲಿಲೀಟರ್ ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸುವ ವಿಧಾನ) ಟ್ಯೂಬ್ ತಗೊಂಡು ಪಿಸಿಆರ್ ಯಂತ್ರದಲ್ಲೇ ಇಡುತ್ತೇನೆ. ಅದರ ಮುಚ್ಚಳಕ್ಕೂ ಬಿಸಿ ಇರುವುದರಿಂದ ಹಬೆ ಮೇಲೆ ಕೂರುವುದಿಲ್ಲ. ಮುಚ್ಚಳದ ಉಷ್ಣತೆಯನ್ನು 65ರ ಹತ್ತಿರ ಇಡಿ. ಯಂತ್ರದ ಎಂದಿನ 105 ಡಿಗ್ರಿ ಇಲ್ಲಿ ಬೇಕಿಲ್ಲ.

ಹುಳವನ್ನು ಟ್ಯೂಬ್‌ಗೆ ಇಳಿಸುವುದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟದ ಘಟ್ಟ. ಇದಕ್ಕೆ ಯಾವ ಕಿಟ್ಟೂ ಸಹಾಯ ಮಾಡುವುದಿಲ್ಲ. ಹುಳಗಳು 95 ಶೇಕಡಾ ಎಥನಾಲ್‌ನಲ್ಲಿ ಮೈನಸ್ 20ರಲ್ಲಿ ಇರುತ್ತವೆ. ಇಕ್ಕಳದಲ್ಲಿ ಹಿಡಿದರೆ ಪುಡಿ. ತುದಿ ಕತ್ತರಿಸಿ ಬಾಯಿ ಅಗಲ ಮಾಡಿದ ಪಿಪೆಟ್ ಟಿಪ್‌ನಲ್ಲಿ ಎಥನಾಲ್ ಸಮೇತ ಹೀರಿ ಟ್ಯೂಬ್‌ಗೆ ಬಿಡಬೇಕು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಸಣ್ಣ ಟಿಪ್‌ನಿಂದ ಎಥನಾಲ್ ತೆಗೆಯಬೇಕು, ಹುಳ ಟಿಪ್‌ನೊಳಗೆ ಹೋಗದಂತೆ. ಉಳಿದ ಪಸೆ ಆರಲು ಮುಚ್ಚಳ ತೆರೆದಿಡುವುದು. ಇಲ್ಲಿ ಜೀವ ಬಾಯಿಗೆ ಬರುತ್ತದೆ. ಎಥನಾಲ್ ಉಳಿದರೆ ಪ್ರೋಟೀನೇಸ್ ಕೆಲಸ ಕೆಡುತ್ತದೆ. ಪೂರ್ತಿ ಒಣಗಿಸಿದರೆ ಪ್ಲಾಸ್ಟಿಕ್‌ನ ಸ್ಥಿರ ವಿದ್ಯುತ್ತಿಗೆ ಹುಳ ಚಂಗನೆ ಹಾರಿ ಟ್ಯೂಬ್‌ನ ಬಾಯಿಗೆ ಅಂಟುತ್ತದೆ, ಇಲ್ಲವೇ ಮಾಯ. ರೆಕ್ಕೆ ಇನ್ನೂ ಗೋಡೆಗೆ ಒದ್ದೆಯಾಗಿ ಅಂಟಿರುವಾಗಲೇ, ಅದರ ಹೊಳಪು ಮಾಸುವ ಹೊತ್ತಿಗೆ, ಬಫರ್ ಹಾಕಿಬಿಡಿ. ಬಫರ್ ಹಾಕಿದ ಮೇಲೆ ಹುಳ ತೇಲುತ್ತಿದ್ದರೆ ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ ಮುಳುಗಿಸಿ.

ಅರೆಯುವುದೋ ಬೇಡವೋ? ಅರೆದರೆ ಡಿಎನ್‌ಎ ಬೇಗ ಹೊರಬರುತ್ತದೆ ನಿಜ, ಆದರೆ ಅರೆಯುವ ಕಡ್ಡಿಗೇ ಅರ್ಧ ಹುಳ ಮೆತ್ತಿಕೊಳ್ಳುತ್ತದೆ. ಇಷ್ಟು ಚಿಕ್ಕದರಲ್ಲಿ ಆ ನಷ್ಟ ತಡೆಯುವುದಿಲ್ಲ. ನಾನು ಅರೆಯುವುದಿಲ್ಲ. ಸಣ್ಣ ಸೂಜಿಯಿಂದ ಹೊಟ್ಟೆಗೆ ಒಂದು ತೂತು ಮಾಡಿ ರಾತ್ರಿಯಿಡೀ ಬಿಡುತ್ತೇನೆ. ಒಳಗಿನದೆಲ್ಲ ಕರಗಿ ಹೊರಬರುತ್ತದೆ, ಹೊರಗಿನ ಕವಚ ಹಾಗೇ ಉಳಿಯುತ್ತದೆ. ಬೆಳಿಗ್ಗೆ ನೋಡಿದರೆ ಗಾಜಿನಂಥ ಕಣಜ: ಮೀಸೆಯ ಗಂಟುಗಳು, ರೆಕ್ಕೆಯ ಮೇಲಿನ ಕೂದಲ ಸಾಲು, ಗಂಡಾದರೆ ಜನನಾಂಗದ ಆಕಾರ, ಎಲ್ಲ ಸ್ಪಷ್ಟ. ಟ್ರೈಕೋಗ್ರಾಮಾದಲ್ಲಿ ಜಾತಿ ಗುರುತಿಸುವುದೇ ಗಂಡಿನ ಜನನಾಂಗ ನೋಡಿ. ಅರೆದು ಹಾಕಿದರೆ ನೀವು ಓದಿಸಿದ ಜಿನೋಮ್ ಯಾವ ಜಾತಿಯದ್ದು ಅಂತ ಕೇಳಿದವರಿಗೆ ತೋರಿಸಲು ಏನೂ ಇರುವುದಿಲ್ಲ.

ಈ ಕವಚವನ್ನು ಮುಂದಿನ ದ್ರವವಾದ ಎಎಲ್ ಬಫರ್ ಹಾಕುವ ಮೊದಲೇ ಎತ್ತಿಡಬೇಕು. ಆಮೇಲೆ ಅಂದರೆ ಅದು ದ್ರವದ ಜೊತೆ ಕಾಲಮ್‌ಗೆ ಹೋಗಿ ಪೊರೆಯ ಮೇಲೆ ಚಪ್ಪಟೆಯಾಗುತ್ತದೆ. ಕೀಟಕ್ಕೆ ಮಾಡಿದ ಕಿಟ್ ಅಲ್ಲವಾದ್ದರಿಂದ ಕೈಪಿಡಿ ಇದನ್ನೆಲ್ಲ ಹೇಳುವುದಿಲ್ಲ, ನೀವೇ ಅಂಚಿನಲ್ಲಿ ಬರೆದುಕೊಳ್ಳಿ. ನಮ್ಮ ಪ್ರತಿಯಲ್ಲಿ ಕೆಂಪು ಶಾಯಿಯಲ್ಲಿ "ಹುಳ ಎತ್ತಿದೆಯಾ?" ಅಂತ ದೊಡ್ಡದಾಗಿ ಬರೆದಿದೆ.

ಮುಂದಿನ ಕಾಲಮ್ ಕೆಲಸ ಸಲೀಸು. ಎರಡು ಮಾತು ಮಾತ್ರ. ಇಳಿಸುವಾಗ ದ್ರವ ಪೊರೆಯ ಸರಿಯಾಗಿ ನಡುವೆ ಬೀಳಬೇಕು. 20 ಮೈಕ್ರೋಲೀಟರ್‌ನಲ್ಲಿ ಅಂಚಿಗೆ ಜಾರಿದರೆ ಅಷ್ಟು ನಷ್ಟ. ಒಂದು ನಿಮಿಷದ ಬದಲು ಐದು ನಿಮಿಷ ಬಿಟ್ಟು ಆಮೇಲೆ ತಿರುಗಿಸಿ, ಇಳುವರಿ ಹೆಚ್ಚುತ್ತದೆ. ಹಾಕಿದ್ದಕ್ಕಿಂತ 5 ಮೈಕ್ರೋಲೀಟರ್‌ವರೆಗೆ ಕಡಿಮೆ ಬರಬಹುದು, ಗಾಬರಿ ಬೇಡ. ಕಿಟ್‌ನ ಇಳಿಸುವ ಬಫರ್‌ನಲ್ಲಿ ಒಂದಿಷ್ಟು ಇಡಿಟಿಎ ಇರುತ್ತದೆ. ಟ್ಯಾಗ್ಮೆಂಟೇಶನ್ (ಲೈಬ್ರರಿಗಾಗಿ ಡಿಎನ್‌ಎ ಕತ್ತರಿಸಿ ತುದಿಗೆ ಗುರುತು ಅಂಟಿಸುವುದು) ಮಾಡುವ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು, ಇಡಿಟಿಎ ಅದನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಾರಿ ಹಿಡಿಯುವುದಿದ್ದರೆ ಇಡಿಟಿಎ ಇಲ್ಲದ 10 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ ಇಳಿಸುವುದು ವಾಸಿ. ಕೊನೆಯ ಟ್ಯೂಬ್ ಡಿಎನ್‌ಎ ಅಂಟದ ಲೋ ಬೈಂಡ್ ಜಾತಿಯದ್ದಾಗಿರಲಿ.

ಬಂದದ್ದು ಸಾಕಾಗುತ್ತದಾ? ಶಾರ್ಟ್ ರೀಡ್‌ಗೆ, ಅಂದರೆ ಡಿಎನ್‌ಎಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಓದಿಸಲು, ಸಾಕು. ಲೈಬ್ರರಿ ಕಿಟ್‌ಗಳಲ್ಲಿ ಇಲ್ಯುಮಿನಾದ ನೆಕ್ಸ್‌ಟೆರಾ ಎಕ್ಸ್‌ಟಿ 1 ನ್ಯಾನೋಗ್ರಾಂ ಕೇಳುತ್ತದೆ. ಎನ್‌ಇಬಿನೆಕ್ಸ್ಟ್ ಅಲ್ಟ್ರಾ 2 ಎಫ್‌ಎಸ್ 100 ಪಿಕೋಗ್ರಾಂವರೆಗೂ ಇಳಿಯುತ್ತದೆ. ಒಂಟಿ ಹೆಣ್ಣು ಕಣಜದಿಂದ ಇವೆರಡಕ್ಕೂ ದಾಟಬಹುದು. ಇನ್‌ಪುಟ್ ಕಡಿಮೆಯಾದಷ್ಟೂ ಪಿಸಿಆರ್ ಸುತ್ತು ಜಾಸ್ತಿ, ಸುತ್ತು ಜಾಸ್ತಿಯಾದಷ್ಟೂ ಒಂದೇ ತುಣುಕಿನ ನಕಲುಗಳು ಜಾಸ್ತಿ. ಎಷ್ಟು ರೀಡ್ ಬಂತು ಅಂತ ನೋಡಬೇಡಿ, ನಕಲು ತೆಗೆದ ಮೇಲೆ ಎಷ್ಟು ಉಳಿಯಿತು ಅಂತ ನೋಡಿ.

ಉದ್ದುದ್ದ ತುಂಡು ಓದಿಸುವ ಲಾಂಗ್ ರೀಡ್ ಬೇರೆ ಕಥೆ. ಪ್ಯಾಕ್‌ಬಯೋದ ಅಲ್ಟ್ರಾ ಲೋ ಇನ್‌ಪುಟ್ ವಿಧಾನಕ್ಕೆ 5 ನ್ಯಾನೋಗ್ರಾಂ ಸಾಕು, ಅದು ಡಿಎನ್‌ಎಯನ್ನು 8ರಿಂದ 10 ಸಾವಿರ ಬೇಸ್ ಜೋಡಿಯ ತುಂಡುಗಳಾಗಿಸಿ ಪಿಸಿಆರ್‌ನಿಂದ ಹಿಗ್ಗಿಸುತ್ತದೆ. 2021ರಲ್ಲಿ ಒಂದೊಂದೇ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಯಿಂದ ಹೀಗೆ ಜಿನೋಮ್ ಕಟ್ಟಿ ಪ್ರಕಟಿಸಿದ್ದಾರೆ. ಹುಳ ತಾಜಾ ಇದ್ದರೆ ಸಿಲಿಕಾ ಕಾಲಮ್‌ನಿಂದ ಬಂದ ತುಂಡುಗಳೂ ಆ ಉದ್ದಕ್ಕೆ ಸಾಲುತ್ತವೆ. ಆದರೆ ನಮ್ಮ ಕಣಜದಲ್ಲಿ 5 ನ್ಯಾನೋಗ್ರಾಂ ಎಲ್ಲಿಂದ ತರುವುದು? ಒಂದೇ ತಾಯಿಯ ಸಂತತಿ ಬೆಳೆಸಿ, ಆ ಮಕ್ಕಳನ್ನು ಒಟ್ಟು ಹಾಕಿ ತೆಗೆಯುವುದೊಂದೇ ಸರಿ ಅನ್ನಿಸುತ್ತದೆ. ಲಕ್ಷಗಟ್ಟಲೆ ಬೇಸ್ ಉದ್ದದ ರೀಡ್ ಬೇಕು ಅನ್ನುವವರು ಯಾವ ಸ್ಪಿನ್ ಕಾಲಮ್ ಹತ್ತಿರವೂ ಸುಳಿಯಬೇಡಿ. ಪೊರೆಯ ಮೂಲಕ ಎಳೆದಾಗ ಉದ್ದ ಎಳೆಗಳು ತುಂಡಾಗುವುದು ಸಹಜ.

"ಹಿಗ್ಗಿಸಿಬಿಡಿ, ಫೈ29 ಹಾಕಿ" ಅಂತ ಯಾರಾದರೂ ಹೇಳುತ್ತಾರೆ. 30 ಡಿಗ್ರಿಯಲ್ಲಿ ಕೆಲಸ ಮಾಡುವ ಆ ಕಿಣ್ವ ನ್ಯಾನೋಗ್ರಾಂನಿಂದ ಮೈಕ್ರೋಗ್ರಾಂ ಮಾಡಿಕೊಡುತ್ತದೆ, ನಿಜ. ಆದರೆ ಜಿನೋಮ್‌ನ ಕೆಲವು ಕಡೆ ರಾಶಿ, ಕೆಲವು ಕಡೆ ಬೋಳು. ಸಂಬಂಧವಿಲ್ಲದ ತುಂಡುಗಳನ್ನು ಬೆಸೆದೂ ಬಿಡುತ್ತದೆ. ಏನೂ ಹಾಕದ ಟ್ಯೂಬ್‌ನಲ್ಲೂ ಬೆಳೆ ತೆಗೆಯುತ್ತದೆ, ಇದು ನನಗೆ ಹಿಡಿಸದ ಮುಖ್ಯ ಗುಣ. ಬೇರೆ ದಾರಿ ಇರುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.

ಖಾಲಿ ಟ್ಯೂಬ್ ಅಂದಾಗ ನೆನಪಾಯಿತು. ಪ್ರತಿ ಸಲವೂ ಹುಳ ಇಲ್ಲದ ಒಂದು ಟ್ಯೂಬನ್ನು ಮೊದಲಿನಿಂದ ಕೊನೆವರೆಗೆ ಜೊತೆಯಲ್ಲೇ ನಡೆಸಿ, ಅದರಿಂದಲೂ ಲೈಬ್ರರಿ ಮಾಡಿ. ಡಿಎನ್‌ಎ ತೆಗೆಯುವ ರಾಸಾಯನಿಕಗಳಲ್ಲೇ ಬ್ಯಾಕ್ಟೀರಿಯಾ ಡಿಎನ್‌ಎ ಅಷ್ಟಿಷ್ಟು ಇರುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಸಾಲ್ಟರ್ ಮತ್ತು ಜೊತೆಗಾರರು 2014ರಲ್ಲೇ ಅದನ್ನು ತೋರಿಸಿದ್ದಾರೆ. ಯಾವುದೋ ಒಂದು ಕಂಪನಿಯ ಸಮಸ್ಯೆ ಅಲ್ಲ ಇದು. ದೊಡ್ಡ ಹುಳದಲ್ಲಿ ಈ ಚೂರು ಲೆಕ್ಕಕ್ಕಿಲ್ಲ, ಚಿಕ್ಕದರಲ್ಲಿ ಇದೆ. ಟ್ರೈಕೋಗ್ರಾಮಾದಲ್ಲಂತೂ ಗಂಡಿಲ್ಲದೆ ಹೆಣ್ಣೇ ಹೆಣ್ಣನ್ನು ಹಡೆಯುವಂತೆ ಮಾಡುವ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಎಷ್ಟೋ ಸಲ ಒಳಗೇ ಇರುತ್ತದೆ. ಬಂದ ಬ್ಯಾಕ್ಟೀರಿಯಾ ರೀಡ್ ಹುಳದ ಬಾಡಿಗೆದಾರನದ್ದೋ ಬಾಟಲಿಯದ್ದೋ ಅಂತ ಹೇಳಲು ಆ ಖಾಲಿ ಟ್ಯೂಬ್ ಬೇಕೇ ಬೇಕು.

ಇಷ್ಟೆಲ್ಲ ಮಾಡಿ ಸೀಕ್ವೆನ್ಸಿಂಗ್ ಸೇವೆಯವರಿಗೆ ಕಳಿಸಿದರೆ ಅಲ್ಲಿ ಇನ್ನೊಂದು ಗೋಳು. ಹೆಸರು ಬೇಡ. ಅವರ ಅರ್ಜಿಯಲ್ಲಿ ಕನಿಷ್ಠ ಡಿಎನ್‌ಎ ಎಷ್ಟು ಅನ್ನುವ ಕಾಲಂ ಇರುತ್ತದೆ, ಅದಕ್ಕಿಂತ ಕಡಿಮೆ ಬರೆದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಫೋನ್ ಮಾಡಿದರೆ, "ಸರ್, ಇನ್ನೊಂದೆರಡು ಹುಳ ಸೇರಿಸಿ ಕಳಿಸಿ" ಅಂದರು. ಒಂದೇ ಹುಳ ಇರುವುದು ಅಂದರೆ ನಂಬಲಿಲ್ಲ. ಕೊನೆಗೆ ಲೈಬ್ರರಿ ಮಾಡುವವರ ಹತ್ತಿರವೇ ಮಾತಾಡಬೇಕಾಯಿತು. ಅವರು ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡು, "ಫೇಲಾದರೆ ಜವಾಬ್ದಾರಿ ನಿಮ್ಮದು ಅಂತ ಬರೆದುಕೊಡಿ, ಮಾಡೋಣ" ಅಂದರು. ಈಗ ನಾನು ಲೈಬ್ರರಿಯನ್ನು ನಮ್ಮಲ್ಲೇ ಮಾಡಿ ಕಳಿಸುತ್ತೇನೆ. ನಿಮಗೂ ಸಾಧ್ಯವಿದ್ದರೆ ಹಾಗೇ ಮಾಡಿ.

ಬಾರ್‌ಕೋಡ್‌ಗೆ ಯಾಕೆ ಬೇಡ ಅಂದೆ? ಬಾರ್‌ಕೋಡ್ ಆಗಿ ಓದುವ ಸಿಒಐ ಜೀನಿನ 658 ಬೇಸ್ ಜೋಡಿಯ ತುಂಡು ಮೈಟೊಕಾಂಡ್ರಿಯಾದ್ದು. ಅದರ ನೂರಾರು ಪ್ರತಿ ಒಂದೊಂದು ಕೋಶದಲ್ಲೂ ಇರುತ್ತದೆ. 5 ಶೇಕಡಾ ಚೆಲೆಕ್ಸ್ ರಾಳದ ದ್ರವದಲ್ಲಿ ಪ್ರೋಟೀನೇಸ್ ಜೊತೆ ಹುಳ ಇಟ್ಟು, ಆಮೇಲೆ ಕುದಿಸಿದರೆ ಸಾಕು, ಪಿಸಿಆರ್ ಆಗುತ್ತದೆ. ಒಂದೇ ಟ್ಯೂಬ್, ಸುರಿಯುವುದು ತೊಳೆಯುವುದು ಯಾವುದೂ ಇಲ್ಲ. ಕುದಿಸಿದ ಮೇಲೆ ಡಿಎನ್‌ಎ ಒಂಟಿ ಎಳೆಯಾಗುತ್ತದೆ, ಅದಕ್ಕೇ ಸಾಮಾನ್ಯ ಜಿನೋಮ್ ಲೈಬ್ರರಿಗೆ ಅದು ಬಾರದು. ತುಂಬಾ ದಿನ ಇಟ್ಟರೆ ಹಾಳಾಗುತ್ತದೆ. ಬಲೆಯಲ್ಲಿ ಸಿಕ್ಕ ಹುಳಗಳಲ್ಲಿ ಯಾವುದು ಯಾವ ಗುಂಪು ಅಂತ ವಿಂಗಡಿಸಲು ನಾವು ಇವತ್ತಿಗೂ ಚೆಲೆಕ್ಸ್ ಬಳಸುವುದು.

ಮಾದರಿಗಳು ರಾಶಿ ಇದ್ದರೆ ಆಗಲೂ ಈ ಕಿಟ್ ಬೇಡ ಅನ್ನುತ್ತೇನೆ. ಒಂದೊಂದೇ ಕಾಲಮ್‌ಗೆ ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಹೆಬ್ಬೆರಳು ಸೋತುಹೋಗುತ್ತದೆ. 96 ಗುಳಿಯ ತಟ್ಟೆಯಲ್ಲಿ ಅಯಸ್ಕಾಂತದ ಮಣಿಗಳಿಂದ ತೆಗೆಯುವುದು ಆಗ ಸುಲಭ. ಡಿಎನ್‌ಎ ಒಂದೇ ಗುಳಿಯಲ್ಲಿ ಉಳಿಯುವುದರಿಂದ ನಷ್ಟವೂ ಕಡಿಮೆ. ಒಂದೇ ಹುಳ, ಮತ್ತೆ ಸಿಗದ ಹುಳ ಅಂದಾಗ ಮಾತ್ರ ನನ್ನ ಕೈ ತಾನಾಗಿ ಮೈಕ್ರೋ ಕಿಟ್ ಕಡೆ ಹೋಗುತ್ತದೆ. ಐದರಲ್ಲಿ ನಾಲ್ಕು ಕೊಡುತ್ತೇನೆ. ಉಳಿದ ಒಂದು, ಸಣ್ಣ ಕೀಟಗಳಿಗೆ ಅಂತ ಕೈಪಿಡಿಯಲ್ಲಿ ಒಂದು ಪುಟ ಸೇರಿಸಿದ ದಿನ.

ತರಿಸಿಕೊಳ್ಳುವವರಿಗೆ ಕೆಲವು ಮಾತು. ಪಾರ್ಸೆಲ್ ಬಂದ ಕೂಡಲೇ ಕಾಲಮ್‌ಗಳನ್ನು ತೆಗೆದು ಫ್ರಿಜ್‌ನಲ್ಲಿಡಿ, ಅವಕ್ಕೆ 2ರಿಂದ 8 ಡಿಗ್ರಿ ಬೇಕು. ಇಡೀ ಪೆಟ್ಟಿಗೆಯನ್ನು ಕಪಾಟಿಗೆ ತಳ್ಳುವವರೇ ಜಾಸ್ತಿ. ಚಳಿಗೆ ಎಟಿಎಲ್ ಬಾಟಲಿಯ ತಳದಲ್ಲಿ ಬಿಳಿ ಪದರ ಕೂತಿದ್ದರೆ ಅದು ಹಾಳಾಗಿಲ್ಲ, ಬೆಚ್ಚಗೆ ಮಾಡಿ ಅಲ್ಲಾಡಿಸಿದರೆ ಕರಗುತ್ತದೆ. ಪ್ರೋಟೀನೇಸನ್ನು ನೇರವಾಗಿ ಎಎಲ್ ಬಫರ್‌ಗೆ ಸುರಿಯಬೇಡಿ. ಕ್ಯಾರಿಯರ್ ಆರ್‌ಎನ್‌ಎ ಕರಗಿಸಿದ ಮೇಲೆ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ, ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಬೇಡಿ. ಮೊದಲ ಕಾಲಮ್ ದ್ರವ ಮತ್ತು ಮೊದಲ ತೊಳೆತದಲ್ಲಿ ಗ್ವಾನಿಡೀನ್ ಇರುತ್ತದೆ. ಅದನ್ನು ಬ್ಲೀಚ್ ಹಾಕಿದ ಬಕೆಟ್‌ಗೆ ಚೆಲ್ಲಿದರೆ ವಿಷದ ಗಾಳಿ ಏಳುತ್ತದೆ. ಕಸದ ಬಾಟಲಿ ಬೇರೆ ಇಟ್ಟು, ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ.